ಚಾಮಯ್ಯನ ಹೆಸರು ತೆಗೆದಿದ್ದು

ಹುಲ್ಲಹಳ್ಳಿ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಮಂಗಳಗೌರಿ ಟೈಪಿಂಗ್ ಕಲಿಸುತ್ತಾರೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ಮೇಲೆ, ನಲವತ್ತೈದು ದಾಟಿದ್ದ ಅವರು ಹಳೆಯ ಪುಸ್ತಕವೊಂದನ್ನು ಹಿಡಿದು ವೆಬ್‌ಪುಟಗಳ ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ತಾವೇ ಕಲಿತರು. ಊರಿನ ಸಂಘವೊಂದರ ರಕ್ತದಾನಿಗಳ ವೆಬ್‌ಪುಟಕ್ಕೆ ಹೆಸರು, ಫೋನ್ ನಂಬರ್ ತುಂಬುವವರೂ ಅವರೇ. ಆ ಪುಟದ ಕೋಡ್ ಬರೆದವನು ಸಂಘದ ಕಾರ್ಯದರ್ಶಿ, ಎಂಜಿನಿಯರ್ ಬಸವೇಶ್.

ಒಂದು ಬೆಳಿಗ್ಗೆ ಹೆಡತಲೆ ಗ್ರಾಮದ ಜವರಮ್ಮ ಮೆಟ್ಟಿಲು ಹತ್ತಿ ಬಂದರು.

"ನಮ್ಮೆಜಮಾನ್ರು ಓಗಿ ಮೂರು ತಿಂಗ್ಳಾಯ್ತು ಕಣವ್ವ. ಚಾಮಯ್ಯೋರು ರಕ್ತ ಕೊಡಕ್ಕೆ ಬತ್ತಾರಾ ಅಂತ ಇನ್ನೂ ಫೋನ್ ಮಾಡ್ತಾರೆ. ನಾನೇನಂತ ಯೋಳ್ಲಿ?"

ಮಂಗಳಗೌರಿ ಪಟ್ಟಿ ತೆರೆದು ನೋಡಿದರು. ಜವರಮ್ಮನ ಗಂಡ ಚಾಮಯ್ಯ ತೀರಿಕೊಂಡ ಸುದ್ದಿ ಬಂದಾಗಲೇ ಆ ಹೆಸರಿಗೆ 'ತೆಗೆಯಬೇಕು' ಎಂಬ ಗುರುತನ್ನು ಅವರು ಹಾಕಿದ್ದರು. ಆದರೂ ಹೆಸರು ಪುಟದಲ್ಲಿತ್ತು. ಬಸವೇಶನಿಗೆ ಫೋನ್ ಮಾಡಿದರು.

"ಗುರುತು ಸರಿಯಾಗಿ ಹಾಕಿರಲ್ಲ ಮೇಡಂ."

"ಹಾಕಿದೀನಿ. ಕೋಡ್‌ನಲ್ಲೇ ಏನೋ ತಪ್ಪಿದೆ."

"ಕೋಡ್ ಮಾತ್ರ ಮುಟ್ಬೇಡಿ. ಅದು ಟೈಪಿಂಗ್ ಅಲ್ಲ."

ಅವರು ಫೋನ್ ಇಟ್ಟು ಕೋಡ್ ತೆರೆದರು. ಅದು ಪಟ್ಟಿಯನ್ನು ಮೇಲಿನಿಂದ ಒಂದೊಂದಾಗಿ ನೋಡುತ್ತ, ಗುರುತಿದ್ದ ಹೆಸರನ್ನು ಅಲ್ಲೇ ಕತ್ತರಿಸುತ್ತಿತ್ತು. ಒಂದು ಹೆಸರು ಹೋದರೆ ಕೆಳಗಿನದು ಆ ಜಾಗಕ್ಕೆ ಸರಿಯುತ್ತದೆ. ಕೋಡ್ ಮಾತ್ರ ಅದನ್ನು ನೋಡದೆ ಮುಂದಕ್ಕೆ ಹೋಗುತ್ತದೆ. ಊರು ಬಿಟ್ಟಿದ್ದಕ್ಕೆ ಗುರುತು ಬಿದ್ದಿದ್ದ ದೊಡ್ಡಮಾದಯ್ಯನ ಹೆಸರಿನ ಕೆಳಗೇ ಚಾಮಯ್ಯನ ಹೆಸರಿತ್ತು. ಒಬ್ಬರು ಹೋದರು, ಇನ್ನೊಬ್ಬರು ಉಳಿದರು.

ಕತ್ತರಿಸುವ ಸಾಲುಗಳನ್ನು ಅವರು ಅಳಿಸಿದರು. 'ಫಿಲ್ಟರ್' ಬಳಸಿ, ಗುರುತಿಲ್ಲದವರನ್ನಷ್ಟೇ ಆರಿಸಿ ಹೊಸ ಪಟ್ಟಿ ಮಾಡುವಂತೆ ಒಂದೇ ಸಾಲು ಬರೆದರು. ಚಾಮಯ್ಯನ ಹೆಸರು ಪುಟದಿಂದ ಹೋಯಿತು.

ಸಂಜೆ ಬಸವೇಶ್ ಬುಸುಗುಡುತ್ತ ಬಂದ.

"ಯಾರನ್ನ ಕೇಳಿ ಮುಟ್ಟಿದ್ರಿ? ಹಳೇದನ್ನೇ ವಾಪಸ್ ಹಾಕ್ತೀನಿ."

"ಹಾಕಪ್ಪ. ಮೊದ್ಲು ಹೆಡತಲೆಗೆ ಹೋಗಿ, ಫೋನ್ ಇನ್ನೂ ಬರ್ತದೆ ಅಂತ ಜವರಮ್ಮಂಗೆ ನೀನೇ ಹೇಳಿ ಬಾ. ನೀನು ಹತ್ತು ಸಲ ಹಾಕಿದ್ರೆ ನಾನು ಹನ್ನೊಂದು ಸಲ ತೆಗೀತೀನಿ."

"ಸಂಘದಿಂದಾನೇ ನಿಮ್ಮನ್ನ ತೆಗೀಬೇಕಾಗ್ತದೆ."

"ಸಭೆ ಕರಿ. ಕೋಡ್ ಎಲ್ಲರ ಮುಂದೆ ಓಡಿಸಿ ತೋರಿಸ್ತೀನಿ."

ಅವನು ಸಭೆ ಕರೆಯಲಿಲ್ಲ, ಕೋಡನ್ನೂ ಬದಲಿಸಲಿಲ್ಲ. ತಿಂಗಳುಗಟ್ಟಲೆ ಅವರೊಂದಿಗೆ ಮಾತೂ ಆಡಲಿಲ್ಲ. ಮಂಗಳಗೌರಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಹೆಸರು ಹೋದ ಮೇಲಿನ ಮೊದಲ ಸಂತೆಯ ದಿನ ಜವರಮ್ಮ ಒಂದು ಸೋರೆಕಾಯಿ ತಂದುಕೊಟ್ಟರು.

"ಫೋನ್ ನಿಂತೋಯ್ತು ಕಣವ್ವ," ಎಂದು ಕೂತರು. "ಈಗ ಅವ್ರ ಎಸ್ರು ಯೋಳೋರೇ ಇಲ್ಲ."

ಮಂಗಳಗೌರಿ ಬಾಗಿಲು ಮುಂದಕ್ಕೆ ಮಾಡಿ, ಅವರ ಪಕ್ಕದಲ್ಲಿ ಕುಳಿತರು. "ಹೇಳಿ, ಚಾಮಯ್ಯನವರು ಹೆಂಗಿದ್ರು?" ಎಂದು ಕೇಳಿದರು.