ತಂತಿಗೆ ಗಂಧ

ಗೆಳತಿಯರೇ, ನನ್ನ ಮುದ್ದು ಗಂಡ ಅಮೆರಿಕದ ಕಂಟ್ರಿ ಸಂಗೀತದ ಗೌರವಾರ್ಪಣೆ ಆಲ್ಬಮ್ಮಿಗೆ ಪೆಡಲ್ ಸ್ಟೀಲ್ ಗಿಟಾರ್ ನುಡಿಸಲು ಆಯ್ಕೆಯಾಗಿದ್ದ! ಇವತ್ತು ಮಧ್ಯಾಹ್ನದವರೆಗೆ ಮಾತ್ರ.

ಸೊಸೆ ಬಂದ ಮೊದಲ ಆಯುಧಪೂಜೆಯೆಂದು ಅತ್ತೆ ಬೆಳಗ್ಗೆ ಆ ಗಿಟಾರಿನ ಹತ್ತೂ ತಂತಿಗಳಿಗೆ ಒದ್ದೆ ಗಂಧ, ಕುಂಕುಮ ಮೆತ್ತಿದ್ದರು. ಎಷ್ಟು ಒರೆಸಿದರೂ ಲಂಡನ್ ಅಂಚಿನ ಅಕ್ಸ್‌ಬ್ರಿಡ್ಜಿನ ಸ್ಟುಡಿಯೋದಲ್ಲಿ ಆ ಉದ್ದನೆಯ, ಅಳುವಂಥ ನಾದ ಬರಲೇ ಇಲ್ಲ. ಗಿಟಾರಿಗೆ ಕಂಬಳಿ ಹೊದಿಸಿದಂತಿತ್ತು. ಸ್ಟುಡಿಯೋದವರು ಬೇರೊಬ್ಬನನ್ನು ಕರೆಸಿದರು.

ಮನೆಗೆ ಬಂದಾಗ ಅತ್ತೆ, "ಪೂಜೆ ಮಾಡಿದ್ದೂ ತಪ್ಪೇನೋ ಕಂದಾ?" ಎಂದರು.

"ಛೆ, ನಿಂದೇನಮ್ಮ ತಪ್ಪು?" ಎಂದವನು ನನ್ನತ್ತ ತಿರುಗಿದ. "ಇವಳು ನೋಡ್ಕೋಬೇಕಿತ್ತು."

ಪೂಜೆಯ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಅತ್ತೆ ಹೇಳಿದ ಪಾಯಸ ಕಲಕುತ್ತಿದ್ದೆ.

ಮಾಲಾ, ಕ್ವೀನ್ಸ್‌ಬರಿಯಲ್ಲಿ ನಿನ್ನ ಸೋಫಾ ಖಾಲಿ ಇದೆಯಲ್ಲವೇ? ಶನಿವಾರ ಬೆಳಗ್ಗೆ ಹತ್ತರ ಜುಬಿಲಿ ಲೈನ್ ಟ್ರೇನಿನಲ್ಲಿ ಬರುತ್ತೇನೆ, ಒಬ್ಬಳೇ.