ಅಕ್ಕನ ಮಗಳ ಹೆಸರಿನಲ್ಲಿ ಕೇಳಿದ ಪ್ರಶ್ನೆ

ನಿನ್ನೆ ಸಂಜೆ ಸುರಪುರದ ನನ್ನ ಬಾಡಿಗೆ ಮನೆಯ ಹಿಂದೆ ಯಾರೋ ಔಡಲ ಎಲೆಗೆ ಎಣ್ಣೆ ಸವರಿ ಹಂಚಿನ ಮೇಲೆ ಬಾಡಿಸುತ್ತಿದ್ದರು. ಮೊಣಕಾಲು ನೋವಿಗೆ ಇರಬೇಕು. ಆ ಕಮಟು ವಾಸನೆ ಅಡುಗೆಮನೆಗೆ ಬಂದದ್ದೇ ತಡ, ಎದ್ದು ಹೋಗಿ ಕಿಟಕಿ ಮುಚ್ಚಿದೆ. ಆದರೂ ಶಹಾಪುರದ ನಮ್ಮ ಓಣಿಯ ಕಾಕಿ ನೆನಪಾಗಿಯೇಬಿಟ್ಟಳು...

ಕಾಕಿ ಅಂದರೆ ಸಂಬಂಧಿಕಳಲ್ಲ, ಬಾಜು ಮನೆಯವಳು. ಗಂಡ ತೀರಿಕೊಂಡ ಮೇಲೆ ಹತ್ತಿ ಮಿಲ್ಲಿಗೆ ಕೂಲಿಗೆ ಹೋಗಿ ಒಬ್ಬಳೇ ಬದುಕು ಸಾಗಿಸುತ್ತಿದ್ದಳು. ಕೇಳುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಯಾದಗಿರಿ ಬಸ್ಸು ಯಾವುದೆಂದು ಕಂಡಕ್ಟರ್ ಹೇಳಿದ ಮೇಲೂ ಪಾನ್ ಅಂಗಡಿಯವನನ್ನು ಕೇಳಿ, ಒಳಗೆ ಕೂತವರನ್ನೂ ಕೇಳಿಯೇ ಹತ್ತುತ್ತಿದ್ದಳು. "ಕಾಕಿ, ಡ್ರೈವರ್‌ಗ ಕೇಳೋದು ಬಿಟ್ಟೆಲ್ಲ?" ಅಂತ ನಾವು ಕಾಡಿದರೆ, "ಅವಂಗೇನ್ ಗೊತ್ತಿರ್ತದ ಬಿಡು!" ಎಂದು ನಗುತ್ತಿದ್ದಳು.

ಮೈಯ ವಿಷಯ ಬಂದಾಗ ಮಾತ್ರ ನಮ್ಮ ಓಣಿಯ ಹೆಂಗಸರ ರೀತಿಯೇ ಬೇರೆ. ಮುಟ್ಟು, ಬಸಿರು, ಎದೆ... ಯಾವುದನ್ನೂ ತಮ್ಮ ಹೆಸರಿನಲ್ಲಿ ಕೇಳುತ್ತಿರಲಿಲ್ಲ. ನಾದಿನಿಗೆ ಆಗಿದೆ, ಬೇರೆ ಊರಿನ ಯಾರಿಗೋ ಆಗಿದೆ ಎಂದು ಕೇಳುವುದು. ಕೇಳಿಸಿಕೊಂಡವರು ಕೆದಕುತ್ತಿರಲಿಲ್ಲ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆವು.

ನಾನು ಡಿಗ್ರಿ ಓದುತ್ತಿದ್ದಾಗಿನ ಮಾತು. ಸರಕಾರಿ ದವಾಖಾನೆಗೆ ಹೊಸದಾಗಿ ಬಂದಿದ್ದ ಸಿಸ್ಟರ್ ಓಣಿಯ ಕೂಸುಗಳಿಗೆ ಪೋಲಿಯೋ ಹನಿ ಹಾಕಿ, ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಕಾಕಿ ಬಂದು ಪಕ್ಕದಲ್ಲಿ ಕೂತಳು.

"ಕೊಡೇಕಲ್‌ದಾಗ ನಮ್ಮಕ್ಕನ ಮಗಳು ಅದಾಳ್ರಿ. ಅಕಿ ಎದಿಯಾಗ ಒಂದು ಗಂಟು ಆಗ್ಯದಂತ್ರಿ."

"ವಯಸ್ಸೆಷ್ಟು?"

"ಸಣ್ಣಾಕಿ ರಿ... ಬಾಣಂತಿ."

ಆ ಒಂದು ಮಾತು ಯಾಕೆ ಸೇರಿಸಿದಳೋ. ಬಾಣಂತಿಯ ಎದೆಯ ಬಗ್ಗೆ ಮಾತಾಡಲು ಯಾರಿಗೂ ನಾಚಿಕೆಯಿಲ್ಲ, ಅದಕ್ಕೇ ಇರಬೇಕು. ಸಿಸ್ಟರ್ ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದಳು: "ಹಾಲು ಗಟ್ಟಿ ಆಗಿರ್ತದ. ಶಾಖ ಕೊಡ್ರಿ, ಕೂಸಿಗಿ ಚೆಂದಾಗಿ ಕುಡಸ್ರಿ. ಕರಗ್ತದ."

ಗಂಟು ಇದ್ದದ್ದು ಕಾಕಿಯ ಎದೆಯಲ್ಲೇ. ಐವತ್ತು ದಾಟಿದ, ಎಂದೂ ಹೆರದ ಕಾಕಿಯ ಎದೆಯಲ್ಲಿ. ಕೊಡೇಕಲ್ಲಿನ ಆ ಹುಡುಗಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಬಹಳ ತಡವಾಗಿ. ಅವತ್ತು ಕಾಕಿಯ ಮುಖ ಎಷ್ಟು ಹಗುರಾಗಿತ್ತೆಂದರೆ, ಚಹಾ ಕುಡಿಸದೆ ಸಿಸ್ಟರನ್ನು ಕಳಿಸಲಿಲ್ಲ.

ಮರುದಿನದಿಂದ ಅವಳ ಮನೆಯಲ್ಲಿ ಔಡಲ ಎಲೆ ಬಾಡಿಸುವ ವಾಸನೆ. ಹೊರೆ ಎತ್ತಿ ಭುಜ ಹಿಡಿದಿದೆ ಎಂದಳು, ನಂಬಿದೆವು. ಸಿಸ್ಟರ್ ಮತ್ತೆ ಓಣಿಗೆ ಬಂದಾಗ ತಾನಾಗಿಯೇ ವಿಚಾರಿಸಿದಳು: "ನಿಮ್ಮ ಬಾಣಂತಿ ಹ್ಯಾಂಗದಾಳ?"

"ಆರಾಮದಾಳ್ರಿ," ಅಂದಳು ಕಾಕಿ.

ಇನ್ನೇನು ಹೇಳಿಯಾಳು? ಕರಗಿಲ್ಲ ಅಂದರೆ ಕರೆದುಕೊಂಡು ಬನ್ನಿ ಅನ್ನುತ್ತಾರೆ. ಕರೆದುಕೊಂಡು ಬರಲು ಬಾಣಂತಿ ಎಲ್ಲಿದ್ದಳು?

ಕಾಕಿಗೆ ಕೈ ಮೇಲೆತ್ತಲು ಬಾರದಾದಾಗ ಅವ್ವ ಅವಳನ್ನು ಕಲಬುರಗಿಯ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಬೈದರಂತೆ: "ಇಷ್ಟು ದಿನ ಯಾರಿಗೂ ಕೇಳಲಿಲ್ಲೇನು?"

"ಕೇಳೀನ್ರಿ," ಅಂದಳಂತೆ ಕಾಕಿ. "ಸಿಸ್ಟರ್ ಹೇಳಿದಂಗೇ ಮಾಡೀನ್ರಿ."

ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಸಿಟ್ಟಂತೂ ಹೋಗಿಲ್ಲ.

ಈಗ ನಾನು ಕಾಲೇಜಿನಲ್ಲಿ ಗ್ರಂಥಾಲಯ ವಿಜ್ಞಾನ ಕಲಿಸುತ್ತೇನೆ. ಜನ ಮಾಹಿತಿಯನ್ನು ಯಾಕೆ, ಹೇಗೆ ಹುಡುಕುತ್ತಾರೆ ಎಂಬ ಪಾಠ ಇವತ್ತಿತ್ತು. ತಿಳಿಯದ್ದು ಕಾಡಿದಾಗ ಮನುಷ್ಯ ಹುಡುಕಲು ಹೊರಡುತ್ತಾನೆ, ಮೊದಲು ಹತ್ತಿರದವರನ್ನು ಕೇಳುತ್ತಾನೆ, ಸಾಕೆನಿಸುವ ಉತ್ತರ ಸಿಕ್ಕಾಗ ನಿಲ್ಲುತ್ತಾನೆ... ಇಷ್ಟನ್ನು ಬೋರ್ಡಿನ ಮೇಲೆ ಬರೆದು ಸೀಮೆಸುಣ್ಣ ಕೆಳಗಿಟ್ಟೆ. ಪುಸ್ತಕದಲ್ಲಿ ತಪ್ಪೇನಿಲ್ಲ. ಕಾಕಿಗೆ 'ಏನೂ ಆಗಲ್ಲ' ಎಂಬ ಒಂದು ಮಾತು ಬೇಕಿತ್ತು. ಸಿಕ್ಕಿತು, ನಿಂತಳು. ಪಾಠ ಬಿಟ್ಟು ಮಕ್ಕಳಿಗೆ ಅವಳ ಕತೆ ಹೇಳಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಆಮ್ಯಾಲ ಅವ್ರು ಉಳದ್ರೇನ್ರಿ ಮೇಡಂ?"

ನೇರವಾಗಿ ಕೇಳಿದವಳಿಗೆ ನೇರವಾಗಿಯೇ ಹೇಳಬೇಕಲ್ಲ.

"ಇಲ್ಲವ್ವ," ಅಂದೆ. "ಬ್ಯಾಸಗಿ ದಾಟಲಿಲ್ಲ ಅಕಿ."