ಷರಾ ಕಾಲಂನಲ್ಲಿ ಬಂದ ಪ್ರೇಮಪತ್ರ

ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಚೆಕಿಂಗ್ ಮಾಡುತ್ತಿದ್ದೆ. ಲೇಥ್ ಮೆಷಿನ್‌ನಲ್ಲಿ ತಯಾರಾದ ಬುಷ್ ಎಂಬ ಲೋಹದ ಬಳೆಗಳ ಅಳತೆ ನೋಡುವುದು, ಕೂದಲೆಳೆಯಷ್ಟು ತಪ್ಪಿದರೂ ವಾಪಸ್ ಕಳಿಸುವುದು ನನ್ನ ಕೆಲಸ. ಇಂಥವಳನ್ನು ಫ್ಯಾಕ್ಟರಿಯಲ್ಲಿ ಯಾರೂ ಪ್ರೀತಿಸಲಾರರು ಎಂದುಕೊಂಡಿದ್ದೆ. ಆದರೆ ಮೂರನೇ ಮೆಷಿನ್‌ನವನಿಗೆ ಬುದ್ಧಿ ಕಡಿಮೆ.

ಎಲ್ಲರಿಗಿಂತ ಹೆಚ್ಚು ವಾಪಸ್ ಹೋಗುತ್ತಿದ್ದದ್ದು ಅವನ ಮಾಲೇ. ಕೇಳಿದರೆ ಮೆಷಿನ್ನೇ ಸರಿಯಿಲ್ಲ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೂ ಅವನು ನನ್ನ ಟೇಬಲ್ ಮುಂದೆ ತಲೆ ಕೆರೆದುಕೊಂಡು ನಿಂತರೆ ನನಗೆ ಒಳಗೊಳಗೇ ಖುಷಿ. ಸುಳ್ಳು ಯಾಕೆ ಹೇಳಲಿ, ಅವನ ಮಾಲಿನ ಲಾಟ್ ಬರುವ ದಿನ ಲಗ್ಗೆರೆಯ ಮನೆಯಿಂದ ಮಲ್ಲಿಗೆ ಮುಡಿದೇ ಹೊರಡುತ್ತಿದ್ದೆ.

ಒಂದು ದಿನ ಮಾಲಿನ ಜೊತೆ ಬರುವ ಜಾಬ್ ಕಾರ್ಡಿನ ಷರಾ ಕಾಲಂನಲ್ಲಿ ಅವನು ಬರೆದಿದ್ದ: 'ನೀವಂದ್ರೆ ತುಂಬಾ ಇಷ್ಟ. ಮದುವೆ ಆಗೋಣ. ಆಮೇಲೆ ನೀವು ಕೆಲಸಕ್ಕೆ ಬರೋದು ಬೇಡ, ಮನೇಲಿ ಆರಾಮಾಗಿರಿ.' ಮೊದಲ ಸಾಲಿಗೆ ಕುಣಿಯುವಂತಾಯಿತು. ಕೊನೆಯ ಸಾಲಿಗೆ ಮೈ ಉರಿಯಿತು. ಮುಂದಿನ ತಿಂಗಳಿಂದ ಚೆಕಿಂಗ್ ವಿಭಾಗಕ್ಕೆ ನನ್ನನ್ನೇ ಇನ್‌ಚಾರ್ಜ್ ಮಾಡುವುದಾಗಿ ಮಾಲೀಕರು ಹೇಳಿದ್ದರು. ಅದು ಅವನಿಗೂ ಗೊತ್ತಿತ್ತು.

ಜಾಬ್ ಕಾರ್ಡನ್ನು ಹರಿಯುವಂತಿಲ್ಲ, ನಂಬರ್ ಇರುತ್ತದೆ. ಅಳಿಸಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೇವೆ. ಹೀಗಾಗಿ ನನ್ನ ಪ್ರೇಮಪತ್ರ ಫೈಲಿಗೆ ಹೋಯಿತು.

ಆಡಿಟ್‌ಗೆ ಬಂದವರು ಕನ್ನಡ ಬಾರದ ಸಾಹೇಬರು. ಖಾಲಿ ಬಿಡುವ ಷರಾ ಕಾಲಂನಲ್ಲಿ ಇಷ್ಟುದ್ದ ಏನು ಬರೆದಿದ್ದಾನೆ ಎಂದು ಕೇಳಿದರು. ಮಾಲೀಕರು ಕನ್ನಡಕ ಹಾಕಿಕೊಂಡು ಓದಿ, ಕೆಮ್ಮಿ, ಕಾರ್ಡನ್ನು ನನ್ನ ಕಡೆ ತಳ್ಳಿದರು. ಚೆಕಿಂಗ್ ಮಾಡುವವರಿಗೆ ಇನ್ನಷ್ಟು ಆರಾಮ ಬೇಕೆಂದು ಸಲಹೆ ಕೊಟ್ಟಿದ್ದಾನೆ ಎಂದು ನನ್ನ ಹರಕು ಇಂಗ್ಲಿಷ್‌ನಲ್ಲಿ ಹೇಳಿದೆ. ಸಾಹೇಬರಿಗೆ ಬಹಳ ಸಂತೋಷವಾಯಿತು. ಸಲಹೆಗೆ ಏನು ಕ್ರಮ ಕೈಗೊಂಡಿರಿ ಎಂದು ಅದರ ಕೆಳಗೇ ಬರೆದು, ಮೆಷಿನ್ ಆಪರೇಟರ್ ಸಹಿ ಹಾಕಿಸಿ, ಸಂಜೆಯೊಳಗೆ ಕೊಡಿ ಎಂದರು.

'ಇಷ್ಟ ನನಗೂ ಇದೆ. ಕೆಲಸ ಬಿಡುವುದಿಲ್ಲ' ಎಂದು ಬರೆದು ಮೂರನೇ ಮೆಷಿನ್ ಹತ್ತಿರ ಹೋದೆ. ಓದುತ್ತಾ ಅವನ ಮುಖ ಅರಳಿತು, ಆಮೇಲೆ ಬಾಡಿತು.

"ಅಮ್ಮನ್ನ ಒಂದ್ಮಾತು ಕೇಳಿ ಸೈನ್ ಹಾಕ್ತೀನಿ ಮೇಡಂ," ಎಂದ.

"ಅಮ್ಮನ ಸೈನ್‌ಗೆ ಇದ್ರಲ್ಲಿ ಜಾಗ ಇಲ್ಲ ಕಣ್ರೀ. ಆಪರೇಟರ್‌ದು ಮಾತ್ರ."

ಅವನು ಪೆನ್ನು ವಾಪಸ್ ಕೊಟ್ಟ. ಸಂಜೆ ಐದರವರೆಗೆ ಕಾದೆ. ಬರಲಿಲ್ಲ. 'ಆಪರೇಟರ್‌ಗೆ ಒಪ್ಪಿಗೆ ಇಲ್ಲ' ಎಂದು ನಾನೇ ಬರೆದು, ಇಂಗ್ಲಿಷ್‌ನಲ್ಲಿ ಅರ್ಥ ಹೇಳಿ ಸಾಹೇಬರಿಗೆ ಕೊಟ್ಟೆ. ಪಾಪ, ಇಷ್ಟು ಒಳ್ಳೆಯ ಸಲಹೆ ಕೊಟ್ಟವನು ಯಾಕೆ ಒಪ್ಪಲಿಲ್ಲವೋ ಎಂದು ಅವರು ಬೇಸರ ಮಾಡಿಕೊಂಡರು.

ಕಂಪ್ರೆಸರ್ ಹಿಂದೆ ಹೋಗಿ, ಅದರ ಗದ್ದಲದಲ್ಲಿ ಯಾರಿಗೂ ಕೇಳಿಸದ ಹಾಗೆ ಮನಸಾರೆ ಅತ್ತೆ. ಮುಖ ತೊಳೆದು ಬಂದರೆ ಟೇಬಲ್ ಮೇಲೆ ಅವನ ಹೊಸ ಲಾಟ್ ಕಾದಿತ್ತು. ಒಂದೊಂದೇ ಬುಷ್ ಅಳೆದೆ, ಎರಡೆರಡು ಸಲ. ಅವತ್ತು ಒಂದೂ ತಪ್ಪಿರಲಿಲ್ಲ. ಪಾಸ್ ಮಾಡಿದೆ.